ಕಟ್ಟಪುಣಿಗೊಂದು ಒಂಟಿ ಹಳಿ

ಇಚಿಲಂಪಾಡಿ
೨೨ ಜೂನ್ ೨೦೨೫

ಚಿರಂಜೀವಿ ದೀಪ್ತಿಗೆ,

ಒಂದೇ ಹಳಿಯ ಮೇಲೆ ಓಡುವ ರೈಲನ್ನು ಇಡೀ ಪ್ರಪಂಚದಲ್ಲಿ ಮೊದಲು ಕಂಡುಹಿಡಿದವನು ನಾನು. ಜಪಾನಿನವರು ಆಮೇಲೆ ಬಂದು ನೋಡಿಕೊಂಡು ಹೋದದ್ದು. ನಿನ್ನ ಭೌತಶಾಸ್ತ್ರದ ಪುಸ್ತಕದಲ್ಲಿ ಇದು ಇಲ್ಲವಾದರೆ, ಅದನ್ನು ಬರೆದವರಿಗೆ ಇಚಿಲಂಪಾಡಿಯ ಬಸ್ಸು ಸಿಗಲಿಲ್ಲ ಎಂದು ತಿಳಿದುಕೋ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ಬುದ್ಧಿ ಸಾಲದೆ ಅಲ್ಲ. ನನಗೆ ಕಲಿಸಲು ಮೇಷ್ಟ್ರ ಹತ್ತಿರ ಬೇರೇನೂ ಉಳಿದಿರಲಿಲ್ಲ.

ಫೋನು ಮಾಡಬೇಡ ಎಂದು ನನ್ನ ಅಕ್ಕ, ನಿನ್ನ ಅಮ್ಮ, ಹೇಳಿದಳು. "ಕಿವಿಗೆ ಫೋನು ಇಟ್ರೆ ಅವಳಿಗೆ ಒಳಗೆ ಜೀರುಂಡೆ ಕೂಗಿದ ಹಾಗೆ ಆಗ್ತದೆ. ಮತ್ತೆ ನೀನು ಒಂದು ಸಲ ಶುರು ಮಾಡಿದ್ರೆ ನಿಲ್ಸುದುಂಟಾ?" ಎಂದಳು. ಮೊಬೈಲಿನಲ್ಲಿ ಅಕ್ಷರ ಸರಿದರೂ ನಿನಗೆ ತಲೆ ತಿರುಗುತ್ತದಂತೆ. ಹಾಗಾಗಿ ಕಾಗದ. ಕಾಗದದ ಅಕ್ಷರ ಇಟ್ಟಲ್ಲಿ ಕೂತಿರುತ್ತದೆ, ನನ್ನ ಅಕ್ಷರವಂತೂ ಎಬ್ಬಿಸಿದರೂ ಏಳುವುದಿಲ್ಲ.

ವಿಷಯ ಇಷ್ಟೇ. ನನ್ನ ಗುಡ್ಡದ ರಬ್ಬರ್ ಹಾಲನ್ನು ಕ್ಯಾನಿನಲ್ಲಿ ಹೊತ್ತು ಕೆಳಗಿನ ಶೆಡ್ಡಿಗೆ ತರುವವನು ಕೂಸಪ್ಪ. ದಾರಿ ಒಬ್ಬ ಮನುಷ್ಯನ ಅಗಲಕ್ಕೆ ಮಾತ್ರ ಉಂಟು, ಜೋಡಿ ಚಕ್ರದ ಗಾಡಿ ಹೋಗುವುದಿಲ್ಲ. ಅದಕ್ಕೆ ಒಂದೇ ಕಬ್ಬಿಣದ ಪೈಪು ಹಾಸಿ, ಒಂದರ ಹಿಂದೆ ಒಂದು ಚಕ್ರ ಇಟ್ಟು ಓಡಿಸುವ ಯೋಜನೆ ಮಾಡಿದ್ದೇನೆ. ಎಲ್ಲ ಮುಗಿದ ಹಾಗೆಯೇ. ಒಂದು ಸಣ್ಣ ಕೆಲಸ ಬಾಕಿ: ಗಾಡಿ ನಿಲ್ಲುವುದಿಲ್ಲ. ಬಲಕ್ಕೆ ಬೀಳುತ್ತದೆ. ಎಡಕ್ಕೆ ಕಲ್ಲು ಕಟ್ಟಿದೆ, ಎಡಕ್ಕೆ ಬಿತ್ತು. ನೀನು ಕಾಲೇಜಿನ ಮೇಡಂ ಅಲ್ಲವಾ, ಒಂದು ಉಪಾಯ ಹೇಳು. ನನಗೆ ಗೊತ್ತಿಲ್ಲ ಎಂದಲ್ಲ, ನಿನಗೆ ಗೊತ್ತುಂಟಾ ಎಂದು ನೋಡುವುದಕ್ಕೆ.

ಇತಿ, ಮೊನೊರೈಲಿನ ಮೂಲಪುರುಷ,
ನಿನ್ನ ಮಾವ ದೇರಣ್ಣ


ಕಾಣಿಯೂರು
೩ ಜುಲೈ ೨೦೨೫

ಮಾವನಿಗೆ ನಮಸ್ಕಾರಗಳು.

ಜಪಾನಿನವರು ಬಂದಾಗ ಅವರಿಗೆ ಕನಿಷ್ಠ ಬೆಲ್ಲ-ನೀರಾದರೂ ಕೊಟ್ಟಿದ್ದೀರಾ?

ಅಮ್ಮ ಊರಿಗೆಲ್ಲ "ಸ್ವಲ್ಪ ತಲೆಸುತ್ತು" ಎಂದು ಹೇಳುತ್ತಾ ಇದ್ದಾಳೆ. ಅಷ್ಟೇ ಅಲ್ಲ ಮಾವ. ಏಪ್ರಿಲಿನ ಜ್ವರ ಒಳಕಿವಿಗೆ ಇಳಿಯಿತು. ನಮ್ಮ ತಲೆಯ ಎರಡೂ ಬದಿಯಲ್ಲಿ, ಕಿವಿಯ ಒಳಗೆ, ನಾವು ನೆಟ್ಟಗೆ ಇದ್ದೇವೋ ಓರೆಯಾಗಿದ್ದೇವೋ ಎಂದು ತಿಳಿಸುವ ಒಂದೊಂದು ಅಂಗ ಉಂಟು. ನನ್ನ ಬಲಗಡೆಯದು ಕೆಟ್ಟುಹೋಗಿದೆ. ಎಡಗಡೆಯದು ಒಂದು ಹೇಳುತ್ತದೆ, ಬಲಗಡೆಯದು ಸುಮ್ಮನಿರುತ್ತದೆ, ಮನೆ ತಿರುಗುತ್ತದೆ. ಬಚ್ಚಲಿಗೆ ಹೋಗಲೂ ಅಮ್ಮನ ಕೈ ಬೇಕು. ಜಗಲಿ ದಾಟಿ ಹೋಗದೆ ತಿಂಗಳಾಯಿತು. ಹಾಗಾಗಿ ಬೀಳುವ ಗಾಡಿಯ ಬಗ್ಗೆ ನನ್ನನ್ನು ಕೇಳಿದ್ದು ಒಳ್ಳೆಯದೇ ಆಯಿತು, ಆ ವಿಷಯದಲ್ಲಿ ನಾನೀಗ ಅನುಭವಸ್ಥೆ.

ಉಪಾಯ ಉಂಟು. ಗಾಡಿಯೊಳಗೆ ಒಂದು ಭಾರದ ಚಕ್ರವನ್ನು ಬಹಳ ವೇಗವಾಗಿ ತಿರುಗಿಸಬೇಕು. ಬುಗುರಿ ತಿರುಗುವಷ್ಟು ಹೊತ್ತು ಬೀಳುವುದಿಲ್ಲವಲ್ಲ, ಹಾಗೆ. ಅದಕ್ಕೆ ಜೈರೋಸ್ಕೋಪ್ ಎನ್ನುತ್ತಾರೆ. ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ಹಾಗೆಯೇ ಒಂದು ಹಳಿಯ ಗಾಡಿ ಓಡಿಸಿದ್ದರು. ಜನರೆಲ್ಲ ಒಂದೇ ಬದಿಗೆ ಹೋಗಿ ನಿಂತರೂ ಅದು ಮಗುಚಲಿಲ್ಲವಂತೆ. ನಿಮ್ಮ ನಂತರವೇ ಇರಬೇಕು.

ಕಣ್ಣು ನೋಯುತ್ತಿದೆ, ನಿಲ್ಲಿಸುತ್ತೇನೆ.

ನಿಮ್ಮ ದೀಪ್ತಿ


ಇಚಿಲಂಪಾಡಿ
೨೭ ಜುಲೈ ೨೦೨೫

ದೀಪ್ತಿ,

ಇಂಗ್ಲೆಂಡಿನ ವಿಷಯ ನನಗೆ ಮೊದಲೇ ಗೊತ್ತಿತ್ತು. ಅವರ ಮೇಲೆ ಕೇಸು ಹಾಕುವುದು ಬೇಡ ಎಂದು ಬಿಟ್ಟಿದ್ದೇನೆ.

ಹಳೆಯ ಡೀಸೆಲ್ ಪಂಪಿನ ದೊಡ್ಡ ಚಕ್ರವನ್ನು ಕಡಬದ ಡೊಂಬಯ್ಯನ ವೆಲ್ಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದೆ. ಡೊಂಬಯ್ಯ ಅದನ್ನು ತಟ್ಟಿ ನೋಡಿ, "ಇದು ಎಂತಕ್ಕೆ ಮಾರಾಯ್ರೆ, ಗುಜರಿಗಾ?" ಎಂದ. ವಿಜ್ಞಾನಕ್ಕೆ ಎಂದೆ. "ಹಾಗಾದ್ರೆ ಅಡ್ವಾನ್ಸು ಕೊಡಿ" ಎಂದ. ಚಕ್ರವನ್ನು ಗಾಡಿಯ ನಡುವಿಗೆ ನಾಲ್ಕು ಬೋಲ್ಟು ಹಾಕಿ, ಅಲ್ಲಾಡದ ಹಾಗೆ ಬಿಗಿದು, ಬ್ಯಾಟರಿ ಮೋಟಾರಿನಲ್ಲಿ ತಿರುಗಿಸಿದೆವು. ಎಂಥಾ ಶಬ್ದ ಎಂದರೆ ಕೊಯಿಲದ ಫಾರ್ಮಿನ ದನಗಳು ಹಾಲು ಬತ್ತಿಸಿಕೊಂಡಿರಬೇಕು. ಹಳಿಯ ಮೇಲೆ ಇಟ್ಟು ಕೈ ಬಿಟ್ಟೆವು. ಬಿತ್ತು. ಮೊದಲಿಗಿಂತ ಜೋರಾಗಿ ಬಿತ್ತು.

ಕೂಸಪ್ಪ ಹೇಳುತ್ತಾನೆ, "ದೇರಣ್ಣ, ಮೊದಲು ಬೀಳುವಾಗ ಅದಕ್ಕೆ ನಾಚಿಕೆ ಇತ್ತು, ಈಗ ಅದೂ ಇಲ್ಲ."

ಎಲ್ಲಿ ತಪ್ಪಾಯಿತು, ಬರೆ. ಮತ್ತೊಂದು ಲೆಕ್ಕ ಬೇಕು. ಕ್ಯಾನಿನ ಭಾರ ಐವತ್ತೆರಡು ಕಿಲೋ ಎಂದು ಇಟ್ಟುಕೋ. ಅದೂ ಕ್ಯಾನು ಆಚೀಚೆ ಸ್ವಲ್ಪ ಮಿಸುಕಾಡುತ್ತದೆ ಎಂದೂ ಇಟ್ಟುಕೋ.

ನೀನು ಕೈ ಹಿಡಿದು ನಡೆಯುವುದರಲ್ಲಿ ತಪ್ಪೇನೂ ಇಲ್ಲ. ಪಂಜಾಬಿನ ಕಡೆ ಹಿಂದೆ ರಾಜನೊಬ್ಬನ ಮೊನೊರೈಲಿಗೂ ಹಳಿಯಿಂದಾಚೆ, ರಸ್ತೆಯ ಮೇಲೆ ಊರಿಕೊಂಡು ಬರುವ ಒಂದು ಚಕ್ರ ಇತ್ತಂತೆ. ಪೇಪರಿನಲ್ಲಿ ಓದಿದೆ. ರಾಜನದೇ ಹಾಗೆ.

ನಿನ್ನ ಮಾವ,
ದೇರಣ್ಣ (ವಿಜ್ಞಾನಿ)


ಕಾಣಿಯೂರು
೧೪ ಆಗಸ್ಟ್ ೨೦೨೫

ಮಾವನಿಗೆ,

ಬೋಲ್ಟು ಹಾಕಿ ಬಿಗಿದದ್ದೇ ತಪ್ಪು. ತಿರುಗುವ ಚಕ್ರವನ್ನು ಗಾಡಿಗೆ ಗಟ್ಟಿಯಾಗಿ ಕಟ್ಟಿದರೆ ಅದರಿಂದ ಏನೂ ಪ್ರಯೋಜನವಿಲ್ಲ. ಗಾಡಿ ಓರೆಯಾದಾಗ ಚಕ್ರಕ್ಕೆ ಮುಂದಕ್ಕೂ ಹಿಂದಕ್ಕೂ ತೂಗಲು ಜಾಗ ಬೇಕು. ಹಾಗೆ ತೂಗುವುದರಿಂದಲೇ ಅದು ಗಾಡಿಯನ್ನು ಎಬ್ಬಿಸುತ್ತದೆ. ತೊಟ್ಟಿಲಿನ ಹಾಗೆ ಒಂದು ಚೌಕಟ್ಟಿನಲ್ಲಿ ತೂಗಿ ಹಾಕಿ, ಚೌಕಟ್ಟಿನ ಭಾರ ಮೇಲ್ಗಡೆಗೆ ಬರುವಂತೆ ಮಾಡಿ. ಚಿತ್ರ ಬಿಡಿಸಿದ್ದೇನೆ. ಗೆರೆ ಸೊಟ್ಟವಾಗಿದ್ದರೆ ಅದು ನನ್ನ ಕೈ, ಚೌಕಟ್ಟಿನದಲ್ಲ. ತಿರುವಿನಲ್ಲಿ ಇದು ಸಾಲದು. ಅಲ್ಲಿ ಒಂದಕ್ಕೊಂದು ವಿರುದ್ಧ ತಿರುಗುವ ಎರಡು ಚಕ್ರ ಬೇಕು. ಸದ್ಯಕ್ಕೆ ನೇರ ಹಳಿ ಸಾಕು.

ಡಾಕ್ಟರು ಒಂದು ವ್ಯಾಯಾಮ ಕೊಟ್ಟಿದ್ದಾರೆ. ಹೆಬ್ಬೆರಳನ್ನು ಕಣ್ಣ ಮುಂದೆ ಹಿಡಿದು, ಅದನ್ನೇ ನೋಡುತ್ತಾ, ತಲೆಯನ್ನು ಆಚೀಚೆ ತಿರುಗಿಸುವುದು. ಆಮೇಲೆ ನಡೆಯುವುದು. ತಲೆ ಸುತ್ತಿದರೂ ನಡೆಯಬೇಕಂತೆ, ಹಾಗಾದರೆ ಮಾತ್ರ ಒಂದೇ ಕಿವಿಯಲ್ಲಿ ಸುಧಾರಿಸಿಕೊಳ್ಳಲು ಮೆದುಳು ಕಲಿಯುತ್ತದಂತೆ. ಮಲಗಿದರೆ ಇಲ್ಲ. ಕೆಲವು ದಿನ ಮಾಡಿದೆ, ವಾಂತಿಯಾಯಿತು, ಬಿಟ್ಟೆ.

ನಿಮಗೆ ಹೇಳದ ಒಂದು ಉಂಟು. ಜೂನಿನ ಮೊದಲ ವಾರ ಅಮ್ಮನಿಗೆ ಹಟ ಮಾಡಿ, ಆಟೋ ಮಾಡಿಕೊಂಡು ಪುತ್ತೂರಿನ ಕಾಲೇಜಿಗೆ ಹೋಗಿದ್ದೆ. ಬೋರ್ಡಿನ ಕಡೆ ತಿರುಗಿದ್ದೇ ನೆಲ ಓಡಿತು, ಮೇಜು ಹಿಡಿದುಕೊಂಡೆ. ಹಿಂದಿನ ಬೆಂಚಿನಿಂದ ಯಾರೋ "ಮೇಡಂ ಬೆಳಿಗ್ಗೆಯೇ ಹಾಕಿಕೊಂಡು ಬಂದಿದ್ದಾರೆ" ಎಂದರು. ಕ್ಲಾಸು ನಕ್ಕಿತು. ಕೆಟ್ಟ ಮಕ್ಕಳಲ್ಲ ಮಾವ, ನೋಡಲು ಹಾಗೆಯೇ ಇದ್ದಿರಬೇಕು. ಆವತ್ತಿನಿಂದ ರಜೆ. ನವೆಂಬರ್ ಮೂರಕ್ಕೆ ಹಾಜರಾಗದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ತೆಗೆದುಕೊಳ್ಳಲಿ ಎಂದು ಒಮ್ಮೊಮ್ಮೆ ಅನಿಸುತ್ತದೆ. ಆದರೆ ಪಾಠ ಮಾಡುವುದು ಬಿಟ್ಟು ನನಗೆ ಬೇರೆ ಏನೂ ಬರುವುದಿಲ್ಲ, ಬೇರೆ ಏನೂ ಇಷ್ಟವೂ ಇಲ್ಲ.

ದೀಪ್ತಿ


ಇಚಿಲಂಪಾಡಿ
೭ ಸೆಪ್ಟೆಂಬರ್ ೨೦೨೫

ದೀಪ್ತಿ ಮಗಾ,

ನಿಂತಿತು.

ಕೈ ಬಿಟ್ಟೆವು, ನಿಂತಿತು. ಡೊಂಬಯ್ಯ ಒಂದು ಬೆರಳಿನಿಂದ ದೂಡಿದ. ಗಾಡಿ ಸ್ವಲ್ಪ ಓಲಿತು, ಒಳಗೆ ಚಕ್ರ ತೊಟ್ಟಿಲಿನ ಹಾಗೆ ತೂಗಿತು, ಗಾಡಿ ಮೆಲ್ಲನೆ ವಾಪಸು ಎದ್ದು ಬಂತು. ಮಾತು ಬಾರದ ಪ್ರಾಣಿಯೊಂದು "ನನಗೇನೂ ಆಗಲಿಲ್ಲ" ಎಂದ ಹಾಗೆ. ಕೂಸಪ್ಪನೂ ತಮಾಷೆ ಮಾಡಲಿಲ್ಲ. ಬಾಯಿಯ ಎಲೆಯಡಿಕೆ ಉಗುಳಿ ಬಂದು ಮತ್ತೊಮ್ಮೆ ನೋಡಿದ.

ನಾನು ಎಲ್ಲರಿಗೂ ಚಿತ್ರ ನನ್ನದೇ ಎಂದು ಹೇಳಿದ್ದೇನೆ. ನೀನು ಬೇಸರ ಮಾಡಬಾರದು.

ಆ ಹಿಂದಿನ ಬೆಂಚಿನವನು ಯಾರ ಮಗ ಎಂದು ಬರೆಯಬೇಡ. ಬರೆದರೆ ನಾನು ಹೋಗುತ್ತೇನೆ.

ಗಣಪತಿ ಹಬ್ಬಕ್ಕೆ ನಿಮ್ಮಲ್ಲಿಗೆ ಬಂದಾಗ ನೀನು ಮಲಗಿದ್ದೆ, ಎಬ್ಬಿಸಲಿಲ್ಲ.

ನಿನ್ನ ಮಾವ


ಕಾಣಿಯೂರು
೧೮ ಸೆಪ್ಟೆಂಬರ್ ೨೦೨೫

ಮಾವ,

ಗಣಪತಿ ಹಬ್ಬದ ದಿನ ನಾನು ಮಲಗಿರಲಿಲ್ಲ. ಕಿಟಕಿಯಲ್ಲಿದ್ದೆ. ನಮ್ಮ ಮನೆಯಿಂದ ಬಸ್ಸಿನ ರಸ್ತೆಗೆ ಹೋಗುವ ಗದ್ದೆ ಬದುವಿನ ಕಟ್ಟಪುಣಿಯನ್ನು ನೀವು ಟೇಪು ಹಿಡಿದು ಆ ತುದಿಯಿಂದ ಈ ತುದಿಗೆ ಅಳೆಯುತ್ತಿದ್ದಿರಿ. ಅಮ್ಮ ಟೇಪಿನ ಇನ್ನೊಂದು ತುದಿ ಹಿಡಿದಿದ್ದಳು. ರಬ್ಬರ್ ಮರ ಇರುವುದು ನಿಮ್ಮ ಗುಡ್ಡದಲ್ಲಿ, ಹಳಿ ನಮ್ಮ ಗದ್ದೆಗೆ ಯಾಕೆ?

ನೀವು ಅಮ್ಮನಿಗೆ ಕಳುಹಿಸಿದ ಗಾಡಿಯ ಫೋಟೋ ಅವಳ ಮೊಬೈಲಿನಲ್ಲಿ ನೋಡಿದೆ. ಹಾಲಿನ ಕ್ಯಾನಿಗೆ ಬೆನ್ನು ಒರಗಿಸಲು ಹಲಗೆ ಬೇಕಾ ಮಾವ? ಕಾಲಿಡಲು ಮೆಟ್ಟಿಲು ಬೇಕಾ? ಐವತ್ತೆರಡು ಕಿಲೋ ನಾನೇ. ಏಪ್ರಿಲಿನಲ್ಲಿ ಜ್ವರಕ್ಕೆಂದು ಆಸ್ಪತ್ರೆಯಲ್ಲಿ ತೂಕ ನೋಡುವಾಗ ನೀವು ಪಕ್ಕದಲ್ಲಿದ್ದಿರಿ.

ಇದು ನಿಮ್ಮ ಪ್ರೀತಿ ಎಂದು ಗೊತ್ತು. ಆದರೂ ಹೇಳುತ್ತೇನೆ. ನಾನು ಅದರಲ್ಲಿ ಕೂರುವುದಿಲ್ಲ. ಇಡೀ ಕಾಣಿಯೂರು ಬೇಲಿಗೆ ಒರಗಿ ನೋಡುತ್ತಿರುವಾಗ, ದೇವರ ಮೂರ್ತಿಯ ಹಾಗೆ ಕೂತು ಬಸ್ಸಿಗೆ ಹೋಗುವುದು ನನ್ನಿಂದಾಗದು. ನಾನು ನಡೆಯಲಾರೆ ಎಂದು ನೀವೂ ತೀರ್ಮಾನ ಮಾಡಿಬಿಟ್ಟಿರಾ?

ಇನ್ನು ಗಾಡಿಯ ವಿಷಯ ಬರೆಯಬೇಡಿ.

ದೀಪ್ತಿ


ಇಚಿಲಂಪಾಡಿ
೨ ಅಕ್ಟೋಬರ್ ೨೦೨೫

ದೀಪ್ತಿಗೆ,

ಗಾಡಿಯ ವಿಷಯ ಬರೆಯಬೇಡ ಎಂದಿದ್ದೆ. ಬರೆಯುವುದಕ್ಕೆ ಈಗ ಗಾಡಿಯೇ ಇಲ್ಲ. ಹಾಗಾಗಿ ಬರೆಯಬಹುದು.

ನಿನ್ನೆ ಆಯುಧಪೂಜೆ ಅಲ್ಲವಾ. ಅಂಗಳದಲ್ಲಿ ಹಳಿ ಹಾಕಿ, ಗಾಡಿ ನಿಲ್ಲಿಸಿ, ಸೇವಂತಿಗೆ ಮಾಲೆ ಹಾಕಿದ್ದೆವು. ಊರಿಡೀ ಬಂದಿತ್ತು. ನಿನ್ನ ಅಮ್ಮನೂ ಬಂದಿದ್ದಳು, ಗೊತ್ತುಂಟಲ್ಲ. ಚಕ್ರ ತಿರುಗುತ್ತಿತ್ತು, ಗಾಡಿ ಒಂದೇ ಹಳಿಯ ಮೇಲೆ ಮದುಮಗನ ಹಾಗೆ ನಿಂತಿತ್ತು. ಭಟ್ರು ಬಂದು ನೋಡಿ, "ಶಬ್ದ ಎಂತದು ದೇರಣ್ಣ? ಓಡುವ ಯಂತ್ರಕ್ಕೆ ಪೂಜೆ ಮಾಡುವ ಕ್ರಮ ಇಲ್ಲ. ಇವತ್ತು ಆಯುಧಕ್ಕೆ ವಿಶ್ರಾಂತಿ. ಆಫ್ ಮಾಡಿ" ಎಂದರು.

ನಾನು ಆಫ್ ಮಾಡಿದೆ. ನನಗೆ ಬುದ್ಧಿ ಇದ್ದದ್ದು ಅಷ್ಟೇ.

ಆದರೆ ಕೇಳು. ಗಾಡಿ ಬೀಳಲಿಲ್ಲ. ಮೋಟಾರು ನಿಂತರೂ ಚಕ್ರ ತನ್ನ ಪಾಡಿಗೆ, ಶಬ್ದ ಇಲ್ಲದೆ ತಿರುಗುತ್ತಾ ಇತ್ತು. ಜನರಿಗೆ ಅದು ಗೊತ್ತಿಲ್ಲ. ಆಫ್ ಮಾಡಿದ ಗಾಡಿ ಒಂದೇ ಹಳಿಯ ಮೇಲೆ ತಾನಾಗಿ ನಿಂತಿದೆ. ಹೆಂಗಸರು ಕೈ ಮುಗಿದರು. "ಇದು ಸತ್ಯದ ಗಾಡಿ" ಎಂದು ಯಾರೋ ಹೇಳಿದರು. ನಾನು ಬೇಡ ಎನ್ನಲಿಲ್ಲ. ಭಟ್ರು ಕುಂಕುಮ ಹಚ್ಚಿದರು, ಚಕ್ರದಡಿಗೆ ಲಿಂಬೆಹಣ್ಣು ಇಟ್ಟರು, ತೆಂಗಿನಕಾಯಿ ಒಡೆದರು. ಆರತಿ ಎತ್ತುವ ಹೊತ್ತಿಗೆ ಗಾಡಿ ಮೆಲ್ಲ ಮೆಲ್ಲನೆ ಅವರ ಕಡೆಗೆ ಬಾಗಿತು. ಭಟ್ರು ಕಣ್ಣು ತುಂಬಿಕೊಂಡು ಹೇಳಿದರು, "ನೋಡಿ ಮಾರಾಯ್ರೆ, ಗಾಡಿಯೇ ನಮಸ್ಕಾರ ಮಾಡ್ತಾ ಉಂಟು."

ಮಾಡಿತು. ಸಾಷ್ಟಾಂಗ ಮಾಡಿತು. ಭಟ್ರು ಹಾರಿ ಬದಿಗೆ ಹೋದರು, ಆರತಿ ತಟ್ಟೆ ಕೈಯಲ್ಲೇ ಇತ್ತು. ಗಾಡಿ ಹೋಗಿ ಅವಲಕ್ಕಿ-ಹೊದ್ಲಿನ ಹರಿವಾಣದ ಮೇಲೆ ಬಿತ್ತು. ಚೌಕಟ್ಟು ಎರಡು ತುಂಡು, ಚಕ್ರದ ಅಚ್ಚು ಬಿಲ್ಲಿನ ಹಾಗೆ, ಬೆನ್ನು ಒರಗುವ ಹಲಗೆ ಪುಡಿ. ಯಾರಿಗೂ ಪೆಟ್ಟಾಗಲಿಲ್ಲ. ಅಂಗಳ ಇಡೀ ಹೊದ್ಲಿನ ಅರಳು, ಕೋಳಿಗಳಿಗೆ ಹಬ್ಬ. ಕೂಸಪ್ಪ ಒಂದು ಮುಷ್ಟಿ ಹೊದ್ಲು ಹೆಕ್ಕಿ ಬಾಯಿಗೆ ಹಾಕಿಕೊಂಡು, "ಪೂಜೆ ಮುಟ್ಟಿದೆ ದೇರಣ್ಣ" ಎಂದ.

ನಗು. ನೀನು ನಗಲಿ ಎಂದೇ ಬರೆದೆ.

ನೀನು ನಡೆಯಲಾರೆ ಎಂದು ನಾನು ತೀರ್ಮಾನ ಮಾಡಲಿಲ್ಲ ಮಗಾ. ನೀನು ಕಿಟಕಿಯಿಂದ ಆ ಕಟ್ಟಪುಣಿಯನ್ನು ನೋಡುವುದು ನೋಡಿದ್ದೆ. ನನ್ನ ಕೈಯಲ್ಲಿ ಕಬ್ಬಿಣ ಇತ್ತು, ಔಷಧ ಇರಲಿಲ್ಲ. ಅಷ್ಟೇ.

ಹೆಚ್ಚು ನಷ್ಟ ಏನೂ ಆಗಲಿಲ್ಲ, ಮೂರು ಸಾವಿರ ಇರಬಹುದು.

ಮಾವ


ಕಾಣಿಯೂರು
೧೬ ಅಕ್ಟೋಬರ್ ೨೦೨೫

ಮಾವನಿಗೆ ನಮಸ್ಕಾರಗಳು.

ಭಟ್ರು ಹಾರಿದ ಜಾಗದಲ್ಲಿ ನಾನು ನಕ್ಕು ನಕ್ಕು ಮಂಚದಿಂದ ಜಾರಿದೆ. ಅಮ್ಮ ಓಡಿ ಬಂದು, "ಎಂತಾಯ್ತು, ಬಿದ್ಯಾ?" ಎಂದಳು. ಹೌದು ಬಿದ್ದೆ ಎಂದೆ. ಬಿದ್ದಲ್ಲೇ ಕೂತು ಕಾಗದ ಮತ್ತೊಮ್ಮೆ ಅವಳಿಗೆ ಓದಿ ಹೇಳಿದೆ. ಅವಳು ಅಲ್ಲಿಯೇ ಇದ್ದವಳು, ಆದರೂ ಮತ್ತೆ ನಕ್ಕಳು.

ಆಮೇಲೆ ನಗು ನಿಂತಿತು. ಆ ಅಂಗಳದಲ್ಲಿ ನಾನು ಇದ್ದಿದ್ದರೆ ಆಫ್ ಮಾಡಲು ಬಿಡುತ್ತಿರಲಿಲ್ಲ. ಆಫ್ ಮಾಡಿದ ಕೂಡಲೇ "ಹಿಡಿಯಿರಿ" ಎಂದು ಹೇಳುತ್ತಿದ್ದೆ. ಇಡೀ ಊರಿನಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ, ಆ ಚಿತ್ರ ಬಿಡಿಸಿದವಳು. ನಾನು ಮಂಚದಲ್ಲಿದ್ದೆ. ಇದು ನನಗೆ ಎಷ್ಟು ಸಿಟ್ಟು ತಂದಿತು ಎಂದರೆ, ಎದ್ದು ಜಗಲಿಗೆ ಹೋದೆ. ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಅಮ್ಮನ ಕೈ ಹಿಡಿದಿರಲಿಲ್ಲ.

ಹೆಬ್ಬೆರಳಿನ ವ್ಯಾಯಾಮ ಮತ್ತೆ ಶುರು ಮಾಡಿದ್ದೇನೆ. ವಾಂತಿಯೂ ಆಗುತ್ತದೆ, ವ್ಯಾಯಾಮವೂ ಆಗುತ್ತದೆ. ಸಂಜೆ ಕಟ್ಟಪುಣಿಯ ಅರ್ಧದವರೆಗೆ ಹೋಗಿ ಬರುತ್ತೇನೆ. ಓಲಾಡುತ್ತೇನೆ. ಒಂದು ಸಲ ಗದ್ದೆಗೇ ಇಳಿದೆ. ಕೆಸರು ಮೆತ್ತಗಿದೆ, ಚಿಂತೆಯಿಲ್ಲ.

ನವೆಂಬರ್ ಮೂರಕ್ಕೆ ಹೋಗುತ್ತೇನೆ, ಒಬ್ಬಳೇ. ಒಂದು ಮಾತು ನಡೆಸಿಕೊಡಿ: ಆ ದಿನ ನೀವು ಬರಬೇಡಿ. ನೀವು ಬಂದರೆ ದೂರದಿಂದಲೇ ನನ್ನ ಹೆಸರು ಹಿಡಿದು ಕೂಗುತ್ತೀರಿ. ನಾನು ತಟ್ಟನೆ ತಲೆ ತಿರುಗಿಸುತ್ತೇನೆ. ತಟ್ಟನೆ ತಿರುಗಿಸುವುದೊಂದು ನನಗೆ ಇನ್ನೂ ಆಗುವುದಿಲ್ಲ.

ನಿಮ್ಮ ದೀಪ್ತಿ


ಕಾಣಿಯೂರು
೫ ನವೆಂಬರ್ ೨೦೨೫

ಮಾವನಿಗೆ,

ಹೋದೆ. ಬಸ್ಸಿನಲ್ಲಿ ಕಂಬಿ ಹಿಡಿದು, ಕಣ್ಣನ್ನು ದೂರದ ಗುಡ್ಡಕ್ಕೆ ನೆಟ್ಟು, ಪುತ್ತೂರು ಮುಟ್ಟಿದೆ. ಕ್ಲಾಸಿನಲ್ಲಿ ಬೋರ್ಡಿನ ಕಡೆ ತಿರುಗಿದಾಗ ನೆಲ ಓಡಿತು. ಈ ಸಲ ಮೇಜು ಹಿಡಿದೇ ಹೇಳಿದೆ, "ನನ್ನ ಒಂದು ಕಿವಿಯ ಒಳಗಿನ ತಕ್ಕಡಿ ಕೆಟ್ಟಿದೆ. ನಾನು ಓಲಾಡುತ್ತೇನೆ. ಓಲಾಡುವುದು ಬೀಳದೆ ಇರಲಿಕ್ಕೆ. ಇವತ್ತಿನ ಪಾಠವೂ ಅದೇ." ಸೈಕಲ್ಲಿನ ಚಕ್ರವೊಂದನ್ನು ತರಿಸಿ, ಅಚ್ಚನ್ನು ಒಬ್ಬೊಬ್ಬರ ಕೈಯಲ್ಲಿ ಹಿಡಿಸಿ, ತಿರುಗಿಸಿ ತೋರಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ ತಾನಾಗಿ ಎದ್ದು ಬಂದು, ನನಗೂ ಕೊಡಿ ಎಂದ. ಅವನೇ ಇರಬೇಕು. ಕೇಳಲಿಲ್ಲ. ಬೆಲ್ಲು ಹೊಡೆದರೂ ಚಕ್ರ ಬಿಡಲಿಲ್ಲ ಅವನು.

ಸಂಜೆ ಬಸ್ಸಿಳಿದಾಗ ಅಂಗಡಿಯ ನೆಬೀಸಕ್ಕ ಕರೆದು ಹೇಳಿದರು, "ಬೆಳಿಗ್ಗೆ ನನ್ನ ಬಾಳೆಗೊನೆಯ ಹಿಂದೆ ಒಬ್ರು ನಿಂತಿದ್ರು. ಚಾ ಕೊಟ್ರೆ ಕುಡಿಲಿಲ್ಲ, ಮಾತಾಡ್ಸಿದ್ರೆ ಬಾಯಿ ಬಿಡ್ಲಿಲ್ಲ. ನಿನ್ನ ಮಾವನ ಹಾಗೆ ಇದ್ರು, ಆದ್ರೆ ಮಾತಾಡ್ಲಿಲ್ಲ ಅಲ್ಲ, ಹಾಗೆ ಅವರಲ್ಲ ಅಂತ ಮಾಡಿದೆ."

ಮತ್ತೊಂದು. ಅಮ್ಮ ಈಗಲೂ ಮೂರು ಸಾವಿರ ಎನ್ನುತ್ತಾಳೆ. ಬೇರಿಂಗಿನ ಬೆಲೆ, ಬ್ಯಾಟರಿಯ ಬೆಲೆ ನನಗೆ ಗೊತ್ತುಂಟು. ನಾನು ಇಡೀ ಕ್ಲಾಸಿನ ಎದುರು ನಿಜ ಹೇಳಿದೆ. ನೀವು ನನಗೊಬ್ಬಳಿಗೆ ಹೇಳಿ.

ದೀಪ್ತಿ


ಇಚಿಲಂಪಾಡಿ
೧೨ ನವೆಂಬರ್ ೨೦೨೫

ನನ್ನ ದೀಪ್ತಿಗೆ,

ನೆಬೀಸ ಹೇಳಿದ ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ. ಆದರೆ ಅವನು ಕಂಡದ್ದನ್ನು ನನಗೆ ಹೇಳಿದ್ದಾನೆ, ಬರೆಯುತ್ತೇನೆ.

ಅವನು ಮೊದಲ ಬಸ್ಸಿಗೇ ಬಂದು ನಿಂತಿದ್ದನಂತೆ. ನೀನು ಅಂಗಳ ಇಳಿದೆ. ಕೆಂಪು ಅಂಚಿನ ಸೀರೆ, ಎಡಗೈಯಲ್ಲಿ ಬ್ಯಾಗು. ಕಟ್ಟಪುಣಿಯ ನಡುವಿಗೆ ಬಂದಾಗ ಪೈರಿನ ಮೇಲೆ ಗಾಳಿ ಬೀಸಿತು, ಇಡೀ ಗದ್ದೆ ಒಂದು ಬದಿಗೆ ಓಡಿದ ಹಾಗಾಯಿತು. ನೀನು ನಿಂತೆ. ಬಲಕ್ಕೆ ಬಾಗಿದೆ. ಅವನ ಕಾಲು ತಾನಾಗಿ ಒಂದು ಹೆಜ್ಜೆ ಮುಂದೆ ಹೋಯಿತು, ನಿನ್ನ ಹೆಸರು ನಾಲಿಗೆಯ ತುದಿಗೆ ಬಂತು. ಆಗ ನಿನ್ನ ಕಾಗದ ನೆನಪಾಯಿತು. ಹುಟ್ಟಿದಂದಿನಿಂದ ಬಾಯಿ ಮುಚ್ಚಿ ಗೊತ್ತಿಲ್ಲದವನು, ಬಾಳೆಗೊನೆಯ ದಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಯಿ ಮುಚ್ಚಿದ. ನೀನು ಎಡಕ್ಕೆ ಬಂದೆ. ಸ್ವಲ್ಪ ಹೆಚ್ಚೇ ಬಂದೆ. ಮತ್ತೆ ನಡುವಿಗೆ ಬಂದೆ. ಆಮೇಲೆ ನಡೆದೆ. ಬಸ್ಸು ಹತ್ತುವಾಗ ಕಂಡಕ್ಟರನಿಗೆ ಎಂತದೋ ಹೇಳಿ ನಕ್ಕೆ. ಅವನು ಬಸ್ಸು ತಿರುವು ದಾಟುವವರೆಗೂ ಗೊನೆ ಬಿಡಲಿಲ್ಲವಂತೆ.

ಇನ್ನು ನೀನು ಕೇಳಿದ್ದು. ಮೂರು ಸಾವಿರ ಎಂದದ್ದು ಡೊಂಬಯ್ಯನ ಚಾ-ತಿಂಡಿಯ ಲೆಕ್ಕ ಮಾತ್ರ. ಹಳಿಯ ಪೈಪಿಗೆ ನಲವತ್ತೊಂದು ಸಾವಿರ. ನಿಮ್ಮ ಕಟ್ಟಪುಣಿಯಷ್ಟು ಉದ್ದಕ್ಕೂ ತಂದಾಗಿತ್ತು, ಕಡಿಮೆ ಬೀಳಬಾರದು ಎಂದು. ಬ್ಯಾಟರಿ, ಮೋಟಾರು, ಬೇರಿಂಗು, ಎರಡು ಸಲದ ಅಚ್ಚು, ಮಂಗಳೂರಿನಿಂದ ತರಿಸಿದ ಮೆತ್ತನೆಯ ಸೀಟು. ಆ ಸೀಟು ಫೋಟೋದಲ್ಲಿ ಇರಲಿಲ್ಲ, ಪೂಜೆಯ ಮರುದಿನ ಹಾಕುವುದೆಂದು ಅಟ್ಟದಲ್ಲಿ ಇಟ್ಟಿದ್ದೆ. ಈಗ ಅದರಲ್ಲಿ ಬೆಕ್ಕು ಮಲಗುತ್ತದೆ.

ಅಕ್ಕನಿಗೆ ಹೇಳಬೇಡ, ಅವಳು ಹೊಡೆಯುತ್ತಾಳೆ. ಎಲ್ಲ ಸೇರಿ ಒಂದು ಲಕ್ಷದ ನಲವತ್ತೆರಡು ಸಾವಿರದ ಆರುನೂರು ರೂಪಾಯಿ.

ನಿನ್ನ ಮಾವ,
ದೇರಣ್ಣ